ಸುಟ್ಟಗಾಯ ಮತ್ತು ತುರ್ತು ಚಿಕಿತ್ಸೆ

ಸುಟ್ಟಗಾಯವೆಂದರೆ ಶಾಖ, ವಿದ್ಯುತ್ತು, ರಾಸಾಯನಿಕ ಅಥವಾ ವಿಕಿರಣದಿಂದ ಚರ್ಮಕ್ಕೂ ಅದರ ಕೆಳಗಿನ ಅಂಗಾಂಶಗಳಿಗೂ ಆಗುವ ಹಾನಿ. ಒಗ್ಗರಣೆಯ ಎಣ್ಣೆ ಸಿಡಿದು ಆಗುವಂಥ ಚಿಕ್ಕ ಗಾಯಗಳು ಮನೆಯಲ್ಲೇ ಮಾಯುತ್ತವೆ. ಗಾಯ ಆಳವಾಗಿದ್ದಾಗ, ಮೈಯ ಹೆಚ್ಚು ಭಾಗಕ್ಕೆ ಹರಡಿದಾಗ, ಮುಖ, ಕೈ, ಕೀಲುಗಳಂಥ ನಾಜೂಕು ಜಾಗದಲ್ಲಿ ಆದಾಗ, ಹೊಗೆ ಒಳಹೊಕ್ಕಾಗ, ವಿದ್ಯುತ್ತು ಇಲ್ಲವೇ ರಾಸಾಯನಿಕ ಕಾರಣವಾದಾಗ ಅದು ತುರ್ತು ಸ್ಥಿತಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಮಂದಿ ಸುಟ್ಟಗಾಯಗಳಿಂದ ಸಾಯುತ್ತಾರೆ; ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಮಧ್ಯಮ ಅಥವಾ ತೀವ್ರ ಸುಟ್ಟಗಾಯಗಳಾಗುತ್ತವೆ. ಗಾಯಾಳುವಿನ ಮುಂದಿನ ಗತಿ ಬಹುಮಟ್ಟಿಗೆ ನಿರ್ಧಾರವಾಗುವುದು ಮೊದಲ ಕೆಲವು ಗಂಟೆಗಳಲ್ಲಿ, ಅದರಲ್ಲೂ ಆಸ್ಪತ್ರೆಗೆ ಬರುವ ಮುಂಚೆ ಸುತ್ತಲಿದ್ದವರು ಏನು ಮಾಡಿದರು ಎಂಬುದರಿಂದ.

ಇತಿಹಾಸ

ಸುಟ್ಟಗಾಯವನ್ನು ಆಳಕ್ಕೆ ತಕ್ಕಂತೆ ವಿಂಗಡಿಸುವ ಪದ್ಧತಿ ಭಾರತೀಯ ವೈದ್ಯದಲ್ಲಿ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನ ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂಬ ನಾಲ್ಕು ಬಗೆಗಳನ್ನು ಹೇಳುತ್ತದೆ. ಬಣ್ಣಗೆಡುವುದು ಮೊದಲನೆಯದು; ಬೊಬ್ಬೆಯೆದ್ದು ಉರಿಯುವುದು ಎರಡನೆಯದು; ಮಾಂಸ, ನರ, ಮೂಳೆಗಳವರೆಗೆ ಸುಟ್ಟದ್ದು ಕೊನೆಯದು. ಯುರೋಪಿನಲ್ಲಿ 1607ರಲ್ಲಿ ಫೆಬ್ರಿಷಿಯಸ್ ಹಿಲ್ಡಾನಸ್ ಮೂರು ದರ್ಜೆಗಳನ್ನೂ, 1832ರಲ್ಲಿ ಪ್ಯಾರಿಸಿನ ಗಿಯೋಮ್ ಡ್ಯುಪ್ವಿಟ್ರಾಂ ಆರು ದರ್ಜೆಗಳನ್ನೂ ಸೂಚಿಸಿದರು.

ಇಂದಿನ ಚಿಕಿತ್ಸೆಯ ಹೆಚ್ಚಿನ ತಿಳಿವಳಿಕೆ ದೊಡ್ಡ ಅಗ್ನಿ ಅನಾಹುತಗಳ ಗಾಯಾಳುಗಳನ್ನು ನೋಡಿಕೊಂಡವರಿಂದ ಬಂದದ್ದು. 1942ರ ನವೆಂಬರ್ 28ರಂದು ಬಾಸ್ಟನ್ ನಗರದ ಕೋಕೊನಟ್ ಗ್ರೋವ್ ನೈಟ್ ಕ್ಲಬ್ಬಿಗೆ ಬೆಂಕಿ ಬಿದ್ದು 492 ಮಂದಿ ಸತ್ತರು. ಹೊಗೆಯಿಂದಾಗುವ ಹಾನಿ, ಮೈಯಿಂದ ದ್ರವ ಸೋರಿಹೋಗುವುದು, ಇವೆರಡೂ ಸಾವಿಗೆ ಎಷ್ಟು ದೊಡ್ಡ ಕಾರಣ ಎಂಬುದು ಆಗ ಸ್ಪಷ್ಟವಾಯಿತು. 1944ರಲ್ಲಿ ಲಂಡ್ ಮತ್ತು ಬ್ರೌಡರ್ ವಯಸ್ಸಿಗೆ ತಕ್ಕಂತೆ ಸುಟ್ಟ ಭಾಗವನ್ನು ಲೆಕ್ಕ ಹಾಕುವ ನಕ್ಷೆಯನ್ನು ಪ್ರಕಟಿಸಿದರು. 1951ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ವಾಲೇಸ್ ಸರಳವಾದ ‘ಒಂಬತ್ತರ ನಿಯಮ’ವನ್ನು ಪ್ರಚಾರಕ್ಕೆ ತಂದರು. 1968ರಲ್ಲಿ ಡಲ್ಲಾಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬ್ಯಾಕ್ಸ್‌ಟರ್ ದ್ರವ ಕೊಡುವ ಸೂತ್ರವನ್ನು ರೂಪಿಸಿದರು. ಸತ್ತ ಚರ್ಮವನ್ನು ಬೇಗನೆ ಕೆತ್ತಿ ತೆಗೆದು ಕಸಿ ಹಾಕುವ ಪದ್ಧತಿಯನ್ನು 1970ರಲ್ಲಿ ಸ್ಲೊವೇನಿಯದ ಜೋರಾ ಯಾಂಜೆಕೊವಿಚ್ ಪ್ರಕಟಿಸಿದರು. ಕರ್ನಾಟಕದ ನೆನಪಿನಲ್ಲಿ ಉಳಿದಿರುವ ದುರಂತ 1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬಿದ್ದ ಬೆಂಕಿ. ಅದರಲ್ಲಿ 92 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು.

ಶಾಖ ಚರ್ಮಕ್ಕೆ ಮಾಡುವ ಹಾನಿ

ಚರ್ಮಕ್ಕೆ ಎರಡು ಮುಖ್ಯ ಪದರಗಳಿವೆ. ಹೊರಚರ್ಮ ತೆಳುವಾದದ್ದು, ತನ್ನನ್ನು ತಾನೇ ಹೊಸದಾಗಿಸಿಕೊಳ್ಳುತ್ತಿರುವಂಥದ್ದು. ಅದರಡಿಯ ಒಳಚರ್ಮದಲ್ಲಿ ರಕ್ತನಾಳಗಳು, ನೋವಿನ ನರತುದಿಗಳು, ಕೂದಲಿನ ಬೇರುಗಳು, ಬೆವರಿನ ಗ್ರಂಥಿಗಳು ಇವೆ. ಸುಟ್ಟ ಚರ್ಮ ತಾನಾಗಿ ಮತ್ತೆ ಬೆಳೆಯುವುದು ಕೂದಲಿನ ಬೇರು ಮತ್ತು ಬೆವರಿನ ಗ್ರಂಥಿಗಳ ಸುತ್ತ ಉಳಿದ ಜೀವಕೋಶಗಳಿಂದ. ಅವೂ ಸತ್ತರೆ ಗಾಯ ಅಂಚಿನಿಂದ ಮಾತ್ರ ಮುಚ್ಚಿಕೊಳ್ಳಬಲ್ಲದು.

ಹಾನಿಯ ಪ್ರಮಾಣ ಶಾಖದ ಮಟ್ಟ ಮತ್ತು ತಗುಲಿದ ಹೊತ್ತು ಎರಡನ್ನೂ ಅವಲಂಬಿಸಿದೆ. 1947ರಲ್ಲಿ ಮೋರಿಟ್ಜ್ ಮತ್ತು ಹೆನ್ರಿಕೆಸ್ ತೋರಿಸಿದಂತೆ 44 ಡಿಗ್ರಿ ಸೆಲ್ಸಿಯಸ್ ಶಾಖ ಚರ್ಮವನ್ನು ಸುಡಲು ಸುಮಾರು 6 ಗಂಟೆ ಬೇಕು. 60 ಡಿಗ್ರಿಯ ನೀರಿಗೆ ಕೆಲವೇ ಸೆಕೆಂಡು ಸಾಕು. 70 ಡಿಗ್ರಿಯಲ್ಲಿ ಒಂದು ಸೆಕೆಂಡು ಸಾಕು. ಸ್ನಾನದ ಹಂಡೆಯಲ್ಲಿ ಕಾದ ನೀರು ಈ ಮಟ್ಟವನ್ನು ಸುಲಭವಾಗಿ ಮೀರುತ್ತದೆ. ಮಕ್ಕಳ ಮತ್ತು ಮುದುಕರ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ.

ಗಾಯದ ನಡುಭಾಗದಲ್ಲಿ ಜೀವಕೋಶಗಳು ಅಲ್ಲೇ ಸತ್ತಿರುತ್ತವೆ. ಅದರ ಸುತ್ತ ರಕ್ತಸಂಚಾರ ಕುಗ್ಗಿ ಸಾವು ಬದುಕಿನ ನಡುವೆ ಇರುವ ವಲಯವೊಂದಿದೆ. ಅದರಾಚೆ ಕೆಂಪೇರಿದ, ಖಂಡಿತವಾಗಿ ಉಳಿಯುವ ವಲಯ. ಬರ್ಮಿಂಗ್‌ಹ್ಯಾಮಿನ ಡಗ್ಲಸ್ ಜ್ಯಾಕ್ಸನ್ ವಿವರಿಸಿದ ಈ ಮೂರು ವಲಯಗಳಲ್ಲಿ ನಡುವಿನದು ಎಲ್ಲ ತುರ್ತು ಚಿಕಿತ್ಸೆಯ ಗುರಿ. ಬೇಗ ತಣ್ಣಗಾಗಿಸಿದರೆ, ಸಾಕಷ್ಟು ದ್ರವ ಕೊಟ್ಟರೆ, ನಂಜಾಗದಂತೆ ನೋಡಿಕೊಂಡರೆ ಅದು ಉಳಿಯುತ್ತದೆ. ಇಲ್ಲದಿದ್ದರೆ ಒಂದೆರಡು ದಿನಗಳಲ್ಲಿ ಸತ್ತು ಗಾಯ ಇನ್ನಷ್ಟು ಆಳವಾಗುತ್ತದೆ. ಮೊದಲ ದಿನ ಮೇಲುಮೇಲಿನದು ಅನ್ನಿಸಿದ ಗಾಯ ಮೂರನೆಯ ದಿನ ಆಳದ್ದಾಗಿ ಕಾಣುವುದು ಇದರಿಂದಲೇ.

ಆಳವನ್ನು ಗುರುತಿಸುವುದು

ಹೊರಚರ್ಮಕ್ಕೆ ಸೀಮಿತವಾದ ಗಾಯ ಕೆಂಪಗೆ, ಒಣಗಿ, ಉರಿಯುತ್ತಿರುತ್ತದೆ, ಬೊಬ್ಬೆ ಇರುವುದಿಲ್ಲ. ಬಿಸಿಲಿಗೆ ಬೆಂದ ಚರ್ಮ ಇದರ ಮಾದರಿ. ವಾರದೊಳಗೆ ಕಲೆಯಿಲ್ಲದೆ ಮಾಯುತ್ತದೆ.

ಒಳಚರ್ಮದ ಮೇಲ್ಭಾಗ ಸುಟ್ಟರೆ ಬೊಬ್ಬೆ ಏಳುತ್ತದೆ. ಬೊಬ್ಬೆಯ ತಳ ಗುಲಾಬಿ ಬಣ್ಣದ್ದು, ತೇವವುಳ್ಳದ್ದು. ಬೆರಳಿನಿಂದ ಒತ್ತಿದರೆ ಬೆಳ್ಳಗಾಗಿ, ಬಿಟ್ಟೊಡನೆ ಮತ್ತೆ ಕೆಂಪಾಗುತ್ತದೆ. ಗಾಳಿ ಬೀಸಿದರೂ ತಡೆಯಲಾಗದಷ್ಟು ನೋವು. ಎರಡು ವಾರಗಳ ಹೊತ್ತಿಗೆ ಮಾಯುತ್ತದೆ. ಒಳಚರ್ಮದ ಕೆಳಭಾಗಕ್ಕೂ ಹಾನಿಯಾಗಿದ್ದರೆ ಮೇಲ್ಮೈ ಕೆಂಪು ಬಿಳಿ ಬೆರೆತ ಮಚ್ಚೆಗಳಿಂದ ಕೂಡಿರುತ್ತದೆ, ಒತ್ತಿ ಬಿಟ್ಟರೆ ಬಣ್ಣ ತಡವಾಗಿ ಮರಳುತ್ತದೆ ಅಥವಾ ಮರಳುವುದೇ ಇಲ್ಲ, ನೋವು ಕಡಿಮೆ. ಮಾಯಲು ಮೂರು ವಾರಕ್ಕಿಂತ ಹೆಚ್ಚು ಹಿಡಿಯುತ್ತದೆ, ದಪ್ಪ ಕಲೆ ಉಳಿಯುತ್ತದೆ.

ಚರ್ಮದ ಪೂರ್ತಿ ದಪ್ಪ ಸುಟ್ಟಾಗ ಗಾಯ ಬೆಳ್ಳಗೆ ಮೇಣದಂತೆ, ಕಂದಾಗಿ ಅಥವಾ ಕರಕಲಾಗಿ, ಒಣ ತೊಗಲಿನಂತೆ ಗಡುಸಾಗಿರುತ್ತದೆ. ಕೂದಲು ಎಳೆದರೆ ಸಲೀಸಾಗಿ ಕಿತ್ತುಬರುತ್ತದೆ. ಸೂಜಿ ಚುಚ್ಚಿದರೂ ನೋವಿರುವುದಿಲ್ಲ, ನರತುದಿಗಳೇ ಸತ್ತಿರುತ್ತವೆ. ಮನೆಯವರು ಅತಿ ಹೆಚ್ಚು ಮೋಸಹೋಗುವುದು ಇಲ್ಲೇ. ‘ನೋವಿಲ್ಲ ಅಂತಾನೆ, ಬೊಬ್ಬೆನೂ ಬಂದಿಲ್ಲ’ ಎಂದು ಕಾಯುವ ಗಾಯವೇ ಎಲ್ಲಕ್ಕಿಂತ ಆಳದ್ದಾಗಿರಬಹುದು. ಗಡುಸಾದ ಈ ಸತ್ತ ಚರ್ಮವನ್ನು ಎಸ್ಕಾರ್ ಎನ್ನುತ್ತಾರೆ. ಮಾಂಸಖಂಡ ಮತ್ತು ಮೂಳೆಯವರೆಗೆ ಇಳಿದ ಗಾಯವನ್ನು ನಾಲ್ಕನೆಯ ದರ್ಜೆಯದೆಂದು ಹೇಳುವುದುಂಟು.

ಕಪ್ಪು ಅಥವಾ ಕಂದು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದು. ಅಲ್ಲಿ ತೇವ, ಬೊಬ್ಬೆ, ಒತ್ತಿದಾಗಿನ ಬದಲಾವಣೆ ಮತ್ತು ನೋವನ್ನೇ ಆಧಾರವಾಗಿ ಹಿಡಿಯಬೇಕು. ಒಂದೇ ಗಾಯದಲ್ಲಿ ಎಲ್ಲ ಆಳಗಳೂ ಬೆರೆತಿರುವುದು ಸಾಮಾನ್ಯ.

ವಿಸ್ತಾರವನ್ನು ಅಳೆಯುವುದು

ಸುಟ್ಟ ಭಾಗವನ್ನು ಇಡೀ ಮೈಯ ಮೇಲ್ಮೈಯ ಶೇಕಡಾವಾರಿನಲ್ಲಿ ಹೇಳುತ್ತಾರೆ. ಒಂಬತ್ತರ ನಿಯಮದಂತೆ ವಯಸ್ಕರ ತಲೆ ಮತ್ತು ಕುತ್ತಿಗೆ ಶೇ. 9, ಒಂದೊಂದು ತೋಳು ಶೇ. 9, ಎದೆ ಹೊಟ್ಟೆ ಸೇರಿದ ಮುಂಭಾಗ ಶೇ. 18, ಬೆನ್ನು ಶೇ. 18, ಒಂದೊಂದು ಕಾಲು ಶೇ. 18, ಜನನಾಂಗದ ಭಾಗ ಶೇ. 1. ಎಳೆಮಗುವಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಸುಮಾರು ಶೇ. 18, ಕಾಲು ಒಂದಕ್ಕೆ ಸುಮಾರು ಶೇ. 14. ಚದುರಿದ ಗಾಯಗಳಿಗೆ ಬೆರಳುಗಳೂ ಸೇರಿದ ಗಾಯಾಳುವಿನ ಅಂಗೈಯನ್ನೇ ಅಳತೆಯಾಗಿ ಹಿಡಿದು ಶೇ. 1 ಎಂದು ಎಣಿಸುತ್ತಾರೆ. ಬರೀ ಕೆಂಪಾದ ಚರ್ಮವನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.

ತುರ್ತು ಚಿಕಿತ್ಸೆ ಬೇಕೆನ್ನುವ ಲಕ್ಷಣಗಳು

ಬೊಬ್ಬೆಯೆದ್ದ ಅಥವಾ ಅದಕ್ಕಿಂತ ಆಳದ ಗಾಯ ಮೈಯ ಶೇ. 10ನ್ನು ಮೀರಿದರೆ ಗಾಯಾಳುವನ್ನು ಸುಟ್ಟಗಾಯ ಘಟಕವಿರುವ ಆಸ್ಪತ್ರೆಗೆ ಸೇರಿಸಬೇಕು. ಪೂರ್ತಿ ದಪ್ಪ ಸುಟ್ಟ ಗಾಯ ಎಷ್ಟೇ ಚಿಕ್ಕದಿರಲಿ, ಮುಖ, ಕೈ, ಪಾದ, ಜನನಾಂಗ ಅಥವಾ ದೊಡ್ಡ ಕೀಲಿನ ಮೇಲಿನ ಗಾಯವಿರಲಿ, ವೈದ್ಯರು ನೋಡಲೇಬೇಕು. ಕೂಸುಗಳು, ಮುದುಕರು, ಬಸುರಿಯರು, ಮಧುಮೇಹ ಅಥವಾ ಹೃದ್ರೋಗವಿರುವವರ ವಿಷಯದಲ್ಲಿ ಇದಕ್ಕಿಂತ ಕಡಿಮೆ ಗಾಯಕ್ಕೂ ಕಾಯಬಾರದು. ಕೈಕಾಲನ್ನು ಅಥವಾ ಎದೆಯನ್ನು ಬಳೆಯಂತೆ ಸುತ್ತುಗಟ್ಟಿದ ಆಳವಾದ ಗಾಯ ಬೇರೆಯೇ ಅಪಾಯ ತರುತ್ತದೆ. ಗಡುಸಾದ ಚರ್ಮ ಹಿಗ್ಗುವುದಿಲ್ಲ, ಒಳಗೆ ಬಾವು ಏರುತ್ತದೆ, ರಕ್ತಸಂಚಾರ ನಿಲ್ಲುತ್ತದೆ. ಎದೆಯಾದರೆ ಉಸಿರಾಟವೇ ಕಟ್ಟುತ್ತದೆ.

ಉಸಿರಿನ ಹಾದಿಗೆ ಆದ ಹಾನಿ ಮೊದಲು ಕೊಲ್ಲುವಂಥದ್ದು. ಮುಚ್ಚಿದ ಕೋಣೆಯಲ್ಲಿ ಬೆಂಕಿಗೆ ಸಿಕ್ಕವರಲ್ಲಿ ಅದನ್ನು ಹುಡುಕಿ ನೋಡಬೇಕು: ಮೂಗಿನ ಕೂದಲು ಮತ್ತು ಹುಬ್ಬು ಸುಟ್ಟಿರುವುದು, ಬಾಯಿ ಮೂಗಿನಲ್ಲಿ ಮಸಿ, ಕಫದಲ್ಲಿ ಕಪ್ಪು, ದನಿ ಗೊಗ್ಗರಾಗಿರುವುದು, ಉಸಿರೆಳೆದಾಗ ಸೀಟಿಯಂಥ ಸದ್ದು. ಬಂದಾಗ ಚೆನ್ನಾಗಿ ಮಾತಾಡುತ್ತಿದ್ದವರ ಗಂಟಲು ಕೆಲವು ಗಂಟೆಗಳಲ್ಲಿ ಊದಿ ಮುಚ್ಚಿಹೋಗಬಹುದು. ಆದ್ದರಿಂದ ಈ ಗುರುತುಗಳು ಕಂಡರೆ ಬಾವು ಏರುವ ಮೊದಲೇ ಶ್ವಾಸನಾಳಕ್ಕೆ ಕೊಳವೆ ಹಾಕಬೇಕೇ ಎಂದು ನಿರ್ಧರಿಸುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ; ತಲೆನೋವು, ಗೊಂದಲ, ಪ್ರಜ್ಞೆ ತಪ್ಪುವುದು ಇದರ ಲಕ್ಷಣ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿಗೆ ಆಮ್ಲಜನಕಕ್ಕೂ ಈ ಅನಿಲಕ್ಕೂ ಇರುವ ವ್ಯತ್ಯಾಸ ತಿಳಿಯದು; ಅದರ ಅಂಕಿ ಸರಿಯಾಗಿ ಕಂಡರೂ ನಂಬುವಂತಿಲ್ಲ. ಪೂರ್ಣ ಆಮ್ಲಜನಕವನ್ನು ಮಾಸ್ಕಿನ ಮೂಲಕ ತಕ್ಷಣ ಕೊಡಬೇಕು.

ಕಾರಣಕ್ಕೆ ತಕ್ಕ ಬಗೆಗಳು

ಮಕ್ಕಳಲ್ಲಿ ಕಾಣುವ ಸುಟ್ಟಗಾಯಗಳಲ್ಲಿ ಹೆಚ್ಚಿನವು ಬಿಸಿ ದ್ರವದಿಂದ ಆದವು. ನೆಲದ ಮೇಲೆ ಇಳಿಸಿಟ್ಟ ಸಾರಿನ ಪಾತ್ರೆ, ಕಾಫಿ ಲೋಟ, ಬಚ್ಚಲಿನ ಬಿಸಿನೀರಿನ ಬಕೆಟ್ಟು ಇವುಗಳ ಸಾಮಾನ್ಯ ಮೂಲ. ಎಣ್ಣೆ, ಆಲೆಮನೆಯ ಕೊಪ್ಪರಿಗೆಯ ಬೆಲ್ಲದ ಪಾಕ, ರಸ್ತೆಯ ಡಾಂಬರು ನೀರಿಗಿಂತ ಹೆಚ್ಚು ಬಿಸಿಯಾಗುತ್ತವೆ, ಮೈಗೆ ಅಂಟಿಕೊಳ್ಳುತ್ತವೆ. ಆದ್ದರಿಂದ ಗಾಯ ಆಳಕ್ಕಿಳಿಯುತ್ತದೆ. ಕೈಯಲ್ಲಿ ಕೈಗವಸಿನಂತೆ, ಕಾಲಲ್ಲಿ ಕಾಲುಚೀಲದಂತೆ ಒಂದೇ ಗೆರೆಗೆ ನಿಂತ ಗಾಯ ಮಗುವನ್ನು ಬೇಕೆಂದೇ ಬಿಸಿನೀರಿನಲ್ಲಿ ಅದ್ದಿದ್ದರ ಗುರುತಾಗಿರಬಹುದು.

ಜ್ವಾಲೆಯ ಗಾಯಗಳಿಗೆ ಸೀಮೆಎಣ್ಣೆ ಸ್ಟವ್, ಅನಿಲ ಸೋರಿಕೆ, ಒಲೆಯ ಕಡೆ ಬಾಗಿದಾಗ ಹೊತ್ತಿಕೊಳ್ಳುವ ಸೆರಗು, ದುಪಟ್ಟ, ನೈಟಿ ಮುಖ್ಯ ಕಾರಣಗಳು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ. ದೀಪಾವಳಿಯ ಹೊತ್ತಿನಲ್ಲಿ ಪಟಾಕಿ ಗಾಯಗಳು ಹೆಚ್ಚು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪ್ರತಿವರ್ಷವೂ ಆ ದಿನಗಳಲ್ಲಿ ಕಣ್ಣಿಗೆ ಪೆಟ್ಟಾದವರು ಬರುತ್ತಾರೆ.

ವಿದ್ಯುತ್ ಗಾಯ ಹೊರನೋಟಕ್ಕೆ ಚಿಕ್ಕದು. ಕರೆಂಟು ಒಳಹೊಕ್ಕ ಕಡೆ ಒಂದು, ಹೊರಬಿದ್ದ ಕಡೆ ಒಂದು ಕಪ್ಪು ಗುಳಿ ಮಾತ್ರ ಕಾಣಬಹುದು. ನಡುವಿನ ಸ್ನಾಯುಗಳು ಬೆಂದಿರುತ್ತವೆ. ಸತ್ತ ಸ್ನಾಯುವಿನ ಬಣ್ಣದ ವಸ್ತು ಮೂತ್ರಕ್ಕಿಳಿದು ಅದು ಕಡುಕಂದಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಹೃದಯದ ಬಡಿತವೂ ತಪ್ಪಬಹುದು. ಹೈಟೆನ್ಷನ್ ತಂತಿಯ ಕೆಳಗಿನ ಮನೆಗಳ ತಾರಸಿ, ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್, ಟ್ರಾನ್ಸ್‌ಫಾರ್ಮರ್ ಇವು ಅಪಾಯದ ತಾಣಗಳು.

ರಾಸಾಯನಿಕಗಳಲ್ಲಿ ಆಮ್ಲಕ್ಕಿಂತ ಕ್ಷಾರ ಆಳಕ್ಕಿಳಿಯುತ್ತದೆ. ಎಲೆಯಡಿಕೆ, ಹೊಗೆಸೊಪ್ಪಿನ ಜೊತೆ ಬಳಸುವ ಸುಣ್ಣದ ಪೊಟ್ಟಣವನ್ನು ಮಕ್ಕಳು ಒತ್ತಿದಾಗ ಅದು ಒಡೆದು ಕಣ್ಣಿಗೆ ಸಿಡಿಯುವುದು ಭಾರತದಲ್ಲಿ ಮತ್ತೆ ಮತ್ತೆ ಕಂಡುಬರುವ ಅಪಘಾತ. ತಡಮಾಡಿದರೆ ದೃಷ್ಟಿಯೇ ಹೋಗುತ್ತದೆ.

ಪ್ರಥಮ ಚಿಕಿತ್ಸೆ

ಮೊದಲ ಕೆಲಸ ಸುಡುವುದನ್ನು ನಿಲ್ಲಿಸುವುದು. ಬಟ್ಟೆ ಹೊತ್ತಿಕೊಂಡವರು ಓಡಿದರೆ ಬೆಂಕಿ ಏರುತ್ತದೆ, ನಿಂತರೆ ಮುಖಕ್ಕೆ ಬರುತ್ತದೆ. ಅವರನ್ನು ನೆಲಕ್ಕೆ ಮಲಗಿಸಿ ಉರುಳಾಡಿಸಬೇಕು, ನೀರು ಸುರಿಯಬೇಕು ಅಥವಾ ದಪ್ಪನೆಯ ಹತ್ತಿ ಇಲ್ಲವೇ ಉಣ್ಣೆಯ ಕಂಬಳಿ ಹೊದಿಸಿ ಆರಿಸಬೇಕು. ಆರಿದ ಕೂಡಲೇ ಬಿಸಿ ಹಿಡಿದಿಟ್ಟ ಕಂಬಳಿಯನ್ನು ತೆಗೆಯಬೇಕು. ಕರೆಂಟು ಹೊಡೆದವರನ್ನು ಮೇನ್ ಸ್ವಿಚ್ ಆರಿಸುವ ಮೊದಲು ಮುಟ್ಟಬಾರದು. ಹೈಟೆನ್ಷನ್ ತಂತಿಯಾದರೆ ಪೂರೈಕೆ ನಿಂತಿದೆ ಎಂದು ಖಚಿತವಾಗುವವರೆಗೆ ಹತ್ತಿರವೇ ಹೋಗಬಾರದು. ಅನಿಲ ಸೋರುತ್ತಿದ್ದರೆ ಸ್ವಿಚ್ಚು ಮುಟ್ಟದೆ, ಕಿಟಕಿ ಬಾಗಿಲು ತೆರೆದು ಹೊರಬರಬೇಕು. ಅನಿಲ ಸೋರಿಕೆಯ ಸಹಾಯವಾಣಿ 1906, ಆಂಬುಲೆನ್ಸ್ 108, ಎಲ್ಲ ತುರ್ತುಗಳಿಗೂ 112.

ನಂತರ ಗಾಯದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಸುಟ್ಟಗಾಯಕ್ಕೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆಗಳಲ್ಲಿ ಇದಕ್ಕೆ ಸಮನಾದದ್ದಿಲ್ಲ. ಇದು ನೋವನ್ನು ಇಳಿಸುತ್ತದೆ, ಗಾಯ ಆಳಕ್ಕೆ ಹೋಗುವುದನ್ನು ತಡೆಯುತ್ತದೆ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಮಾಡಿದರೂ ಪ್ರಯೋಜನವಿದೆ. ನಲ್ಲಿಯಿಲ್ಲದಿದ್ದರೆ ಬಿಂದಿಗೆಯಿಂದ ಚೊಂಬು ಚೊಂಬಾಗಿ ಸುರಿಯುತ್ತಿರಬಹುದು. ನೀರು ಹಾಕಿದರೆ ಬೊಬ್ಬೆ ಬರುತ್ತದೆಂಬ ಭಯ ಅನೇಕ ಕಡೆ ಇದೆ. ಬೊಬ್ಬೆ ಬರುವುದು ಶಾಖದಿಂದ, ನೀರಿನಿಂದ ಅಲ್ಲ. ಮಂಜುಗಡ್ಡೆ ಮಾತ್ರ ಕೂಡದು, ಅದು ರಕ್ತನಾಳಗಳನ್ನು ಕುಗ್ಗಿಸಿ ಹಾನಿ ಹೆಚ್ಚಿಸುತ್ತದೆ. ಗಾಯ ದೊಡ್ಡದಾಗಿದ್ದರೆ, ಅದರಲ್ಲೂ ಮಕ್ಕಳಲ್ಲಿ, ಮೈಯೆಲ್ಲ ತಣ್ಣಗಾಗಿ ನಡುಕ ಬರಬಹುದು. ಹಾಗಾಗಿ ಗಾಯವನ್ನು ಮಾತ್ರ ತಣಿಸಿ ಉಳಿದ ಮೈಯನ್ನು ಬೆಚ್ಚಗಿಡಬೇಕು.

ಊತ ಏರುವ ಮೊದಲೇ ಬಳೆ, ಉಂಗುರ, ಗಡಿಯಾರ, ಕಾಲುಂಗುರ, ಉಡಿದಾರ ತೆಗೆಯಬೇಕು. ಅಂಟಿಕೊಂಡ ಬಟ್ಟೆಯನ್ನಾಗಲಿ ಡಾಂಬರನ್ನಾಗಲಿ ಎಳೆಯಬಾರದು, ಸುತ್ತಲಿನ ಬಟ್ಟೆ ಕತ್ತರಿಸಬಹುದು. ಬೊಬ್ಬೆ ಒಡೆಯಬಾರದು. ತಣಿಸಿದ ಮೇಲೆ ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯನ್ನೋ ಒಗೆದ ಹತ್ತಿಯ ಬಟ್ಟೆಯನ್ನೋ ಸಡಿಲವಾಗಿ ಹೊದಿಸಿದರೆ ಸಾಕು. ಟೂತ್‌ಪೇಸ್ಟು, ಇಂಕು, ಅರಿಶಿನ, ತುಪ್ಪ, ದೋಸೆ ಹಿಟ್ಟು, ಕಾಫಿಪುಡಿ, ಸಗಣಿ ಯಾವುದನ್ನೂ ಹಚ್ಚಬಾರದು. ಇವು ಶಾಖವನ್ನು ಒಳಗೇ ಹಿಡಿದಿಡುತ್ತವೆ, ನಂಜು ತರುತ್ತವೆ, ಗಾಯದ ಆಳ ವೈದ್ಯರಿಗೆ ಕಾಣದಂತೆ ಮುಚ್ಚುತ್ತವೆ. ಅವನ್ನು ತೊಳೆದು ತೆಗೆಯುವಾಗ ಗಾಯಾಳು ಎರಡನೆಯ ಬಾರಿ ನರಳಬೇಕಾಗುತ್ತದೆ.

ಆಸಿಡ್ ಅಥವಾ ಕ್ಷಾರ ಬಿದ್ದಾಗ ಆ ಬಟ್ಟೆ ಕಳಚಿ, ಪುಡಿಯಾಗಿದ್ದರೆ ಮೊದಲು ಒಣಗಿದ್ದಂತೆಯೇ ಕೊಡವಿ, ಬಳಿಕ ಹೇರಳ ನೀರಿನಿಂದ ಕನಿಷ್ಠ ಅರ್ಧ ಗಂಟೆ ತೊಳೆಯಬೇಕು. ಕ್ಷಾರಕ್ಕೆ ಇನ್ನೂ ಹೆಚ್ಚು ಹೊತ್ತು. ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ಆಮ್ಲ ಹಾಕಿ ಶಮನ ಮಾಡಲು ಹೋದರೆ ಹೊಸ ಶಾಖ ಹುಟ್ಟುತ್ತದೆ. ಕಣ್ಣನ್ನು ರೆಪ್ಪೆ ಬಿಡಿಸಿ ಹಿಡಿದು, ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತಲೆ ವಾಲಿಸಿ ತೊಳೆಯಬೇಕು.

ಆಸ್ಪತ್ರೆಯ ಚಿಕಿತ್ಸೆ

ಎದ್ದು ಕಾಣುವ ಗಾಯಕ್ಕಿಂತ ಮೊದಲು ಉಸಿರಿನ ಹಾದಿ, ಉಸಿರಾಟ, ರಕ್ತಸಂಚಾರ ಈ ಕ್ರಮದಲ್ಲಿ ಪರೀಕ್ಷೆ ನಡೆಯುತ್ತದೆ. ದೊಡ್ಡ ಸುಟ್ಟಗಾಯದಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸಡಿಲಗೊಂಡು ದ್ರವ ಅಂಗಾಂಶಗಳಿಗೆ ಸೋರುತ್ತದೆ. ಇದನ್ನು ತುಂಬಿಕೊಡದಿದ್ದರೆ ಮೊದಲ ಎರಡು ದಿನಗಳಲ್ಲೇ ಆಘಾತದಿಂದ ಸಾವು ಬರುತ್ತದೆ. ವಯಸ್ಕರಲ್ಲಿ ಶೇ. 15ರಿಂದ 20ಕ್ಕಿಂತ, ಮಕ್ಕಳಲ್ಲಿ ಶೇ. 10ಕ್ಕಿಂತ ಹೆಚ್ಚು ಸುಟ್ಟಿದ್ದರೆ ರಕ್ತನಾಳದ ಮೂಲಕ ರಿಂಗರ್ ಲ್ಯಾಕ್ಟೇಟ್ ಎಂಬ ಲವಣ ದ್ರಾವಣವನ್ನು ಕೊಡುತ್ತಾರೆ.

ಪಾರ್ಕ್‌ಲ್ಯಾಂಡ್ ಸೂತ್ರದಂತೆ ಮೊದಲ 24 ಗಂಟೆಗೆ ಬೇಕಾದ ದ್ರವ ತೂಕದ ಒಂದೊಂದು ಕಿಲೋಗೆ, ಸುಟ್ಟ ಒಂದೊಂದು ಶೇಕಡಾಕ್ಕೆ 4 ಮಿ.ಲೀ. 60 ಕಿಲೋ ತೂಕದ, ಶೇ. 30 ಸುಟ್ಟವರಿಗೆ ಇದು 7,200 ಮಿ.ಲೀ. ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲಿ ಹೋಗಬೇಕು. ಗಂಟೆ ಎಣಿಸುವುದು ಸುಟ್ಟ ಹೊತ್ತಿನಿಂದ. ಆಸ್ಪತ್ರೆಗೆ ಮೂರು ಗಂಟೆ ತಡವಾಗಿ ಬಂದವರಿಗೆ 3,600 ಮಿ.ಲೀ.ಯನ್ನು ಉಳಿದ 5 ಗಂಟೆಯಲ್ಲೇ ಕೊಡಬೇಕಾಗುತ್ತದೆ. ಅತಿಯಾದ ದ್ರವವೂ ಬಾವು ತರುವುದರಿಂದ ವಯಸ್ಕರಿಗೆ 2 ಮಿ.ಲೀ.ಯಿಂದ ಶುರುಮಾಡುವ ಪದ್ಧತಿ ಈಗ ಬಂದಿದೆ. ಸೂತ್ರ ಯಾವುದೇ ಇರಲಿ, ಅಂತಿಮ ಅಳತೆಗೋಲು ಮೂತ್ರ: ವಯಸ್ಕರಲ್ಲಿ ಗಂಟೆಗೆ ಕಿಲೋಗೆ 0.5 ಮಿ.ಲೀ., ಮಕ್ಕಳಲ್ಲಿ 1 ಮಿ.ಲೀ. ವಿದ್ಯುತ್ ಗಾಯದಲ್ಲಿ ಇದಕ್ಕಿಂತ ಹೆಚ್ಚು ಮೂತ್ರ ಬರುವಂತೆ ನೋಡಿಕೊಳ್ಳುತ್ತಾರೆ.

ನೋವಿಗೆ ಮಾರ್ಫಿನ್‌ನಂಥ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಧನುರ್ವಾಯುವಿನ ಚುಚ್ಚುಮದ್ದು ಹಾಕುತ್ತಾರೆ. ಸುತ್ತುಗಟ್ಟಿದ ಎಸ್ಕಾರ್ ರಕ್ತಸಂಚಾರವನ್ನು ತಡೆಯುತ್ತಿದ್ದರೆ ಅದನ್ನು ಉದ್ದಕ್ಕೆ ಸೀಳಿ ಒತ್ತಡ ಬಿಡಿಸುವ ಶಸ್ತ್ರಕ್ರಿಯೆಯನ್ನು ಹಾಸಿಗೆಯಲ್ಲೇ ಮಾಡುವುದುಂಟು.

ಗಾಯವನ್ನು ಮುಚ್ಚುವುದು

ಮೊದಲ ದಿನಗಳನ್ನು ದಾಟಿದವರಿಗೆ ದೊಡ್ಡ ಶತ್ರು ನಂಜು. ಸೂಡೊಮೋನಾಸ್‌ನಂಥ ಬ್ಯಾಕ್ಟೀರಿಯಾಗಳು ಸತ್ತ ಚರ್ಮದಲ್ಲಿ ಬೆಳೆದು ರಕ್ತಕ್ಕಿಳಿಯುತ್ತವೆ. ಸಿಲ್ವರ್ ಸಲ್ಫಡಯಜೀನ್ ಮುಲಾಮು, ಬೆಳ್ಳಿಯಂಶದ ಪಟ್ಟಿ, ಕೊಲಾಜನ್ ಹಾಳೆ ಬಳಕೆಯಲ್ಲಿವೆ. ಕ್ರಿಮಿಶುದ್ಧಗೊಳಿಸಿದ ಬಾಳೆಎಲೆ ಗಾಯಕ್ಕೆ ಅಂಟದ, ಅಗ್ಗದ ಹೊದಿಕೆಯಾಗಿ ಭಾರತದ ಕೆಲವು ಆಸ್ಪತ್ರೆಗಳಲ್ಲಿ ಬಳಕೆಯಾಗಿದೆ. ಆಳವಾದ ಗಾಯಕ್ಕೆ ಸತ್ತ ಪದರವನ್ನು ಬೇಗ ತೆಗೆದು, ಗಾಯಾಳುವಿನದೇ ತೊಡೆಯಿಂದ ತೆಳುವಾಗಿ ಸೀಳಿದ ಚರ್ಮವನ್ನು ಕಸಿ ಹಾಕುತ್ತಾರೆ. ಸ್ವಂತ ಚರ್ಮ ಸಾಲದಾದಾಗ ದಾನದ ಚರ್ಮ ತಾತ್ಕಾಲಿಕ ಹೊದಿಕೆಯಾಗುತ್ತದೆ.

ದೊಡ್ಡ ಗಾಯಗಳಲ್ಲಿ ದೇಹ ತನ್ನ ಮಾಂಸವನ್ನೇ ಕರಗಿಸಿ ಶಕ್ತಿ ಪಡೆಯತೊಡಗುತ್ತದೆ. ಪಥ್ಯದ ಹೆಸರಿನಲ್ಲಿ ಬರೀ ಗಂಜಿ ಕೊಟ್ಟರೆ ಕಸಿ ಹಿಡಿಯುವುದಿಲ್ಲ. ಮೊಟ್ಟೆ, ಹಾಲು, ಬೇಳೆ, ಮಾಂಸ ಧಾರಾಳವಾಗಿ ಬೇಕು. ಮಾಯುವ ಚರ್ಮ ಸೆಳೆದುಕೊಂಡು ಕುತ್ತಿಗೆ ಎದೆಗೆ, ತೋಳು ಪಕ್ಕೆಗೆ ಅಂಟುತ್ತದೆ. ಗಾಯಾಳುವಿಗೆ ಹಾಯೆನಿಸುವ ಭಂಗಿಯೇ ಹೀಗೆ ಮುದುಡುವ ಭಂಗಿಯಾಗಿರುವುದರಿಂದ, ಕುತ್ತಿಗೆ ಸುಟ್ಟವರಿಗೆ ತಲೆದಿಂಬು ಕೊಡುವುದಿಲ್ಲ. ಸ್ಪ್ಲಿಂಟು, ದಿನದಿನದ ವ್ಯಾಯಾಮ, ಕಲೆ ಒತ್ತುವ ಬಿಗಿ ಉಡುಪು ತಿಂಗಳುಗಟ್ಟಲೆ ನಡೆಯಬೇಕು. ಮುಖ ಬದಲಾದವರ ಮನಸ್ಸಿನ ಆರೈಕೆಗೂ ಅಷ್ಟೇ ಕಾಲ ಬೇಕು. ನಮ್ಮ ಆಸ್ಪತ್ರೆಗಳಲ್ಲಿ ಅತಿ ಕಡಿಮೆ ಗಮನ ಸಿಗುವ ಭಾಗವಿದು.

ಕಾನೂನು

ತೀವ್ರ ಸುಟ್ಟಗಾಯ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ. ಆದರೆ ಪೊಲೀಸರಿಗಾಗಿ ಚಿಕಿತ್ಸೆ ಕಾಯಬಾರದೆಂದು ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆಯಾದ 7 ವರ್ಷದೊಳಗೆ ಹೆಣ್ಣು ಸುಟ್ಟಗಾಯದಿಂದ ಸತ್ತು, ಅದಕ್ಕೆ ಮುಂಚೆ ವರದಕ್ಷಿಣೆಯ ಕಿರುಕುಳವಿದ್ದದ್ದು ತೋರಿಬಂದರೆ ಅದು ವರದಕ್ಷಿಣೆ ಸಾವು. ಹೀಗಾಗಿ ‘ಸ್ಟವ್ ಸಿಡಿಯಿತು’ ಎಂಬ ಮನೆಯವರ ಮಾತನ್ನಷ್ಟೇ ಬರೆದುಕೊಳ್ಳದೆ ಗಾಯಾಳುವಿನ ಹೇಳಿಕೆಯನ್ನು ಬೇರೆಯಾಗಿ ಪಡೆಯುವುದು ಅಗತ್ಯ. ಆಸಿಡ್ ದಾಳಿಗೊಳಗಾದವರಿಗೆ ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ವಿಧಿಸುತ್ತದೆ.

ಈಗಿನ ಸ್ಥಿತಿ

ಅಡುಗೆ ಅನಿಲ ಹಳ್ಳಿಗಳನ್ನು ತಲುಪಿದಂತೆ ಸೀಮೆಎಣ್ಣೆ ಸ್ಟವ್ ಹಿಂದೆ ಸರಿದಿದೆ. ಸಿಲಿಂಡರ್ ಸೋರಿಕೆಯ ಅಪಘಾತಗಳು ಉಳಿದುಕೊಂಡಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ವಿಭಾಗಕ್ಕೆ ರಾಜ್ಯದ ದೂರದೂರದ ಊರುಗಳಿಂದಲೂ ಗಾಯಾಳುಗಳು ಬರುತ್ತಾರೆ. ದೂರದ ಪಯಣಕ್ಕೆ ಮುನ್ನ ಹತ್ತಿರದ ಆಸ್ಪತ್ರೆಯಲ್ಲೇ ಉಸಿರಿನ ಹಾದಿ ಭದ್ರಪಡಿಸಿ ಡ್ರಿಪ್ ಶುರುಮಾಡಿ, ಸುಟ್ಟ ಹೊತ್ತು ಮತ್ತು ಕೊಟ್ಟ ದ್ರವವನ್ನು ಚೀಟಿಯಲ್ಲಿ ಬರೆದು ಕಳಿಸುವುದು ಜೀವ ಉಳಿಸುವ ಕ್ರಮ.

ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ಶುರುವಾಯಿತು. ವಯಸ್ಕರು ಸತ್ತ 6 ಗಂಟೆಯೊಳಗೆ ತೊಡೆ, ಕಾಲು ಮತ್ತು ಬೆನ್ನಿನಿಂದ ತೆಳುವಾದ ಪದರವನ್ನಷ್ಟೇ ತೆಗೆಯುತ್ತಾರೆ. ರಕ್ತದ ಗುಂಪು ಹೊಂದಬೇಕೆಂದಿಲ್ಲ. ತೆಗೆದ ಜಾಗಕ್ಕೆ ಪಟ್ಟಿ ಸುತ್ತಿ ದೇಹವನ್ನು ಒಪ್ಪಿಸುತ್ತಾರೆ, ರೂಪ ಕೆಡುವುದಿಲ್ಲ. ಎಚ್‌ಐವಿ, ಹೆಪಟೈಟಿಸ್, ಚರ್ಮದ ಕ್ಯಾನ್ಸರ್ ಇದ್ದವರ ಚರ್ಮವನ್ನು ಸ್ವೀಕರಿಸುವುದಿಲ್ಲ. ಗ್ಲಿಸರಾಲ್‌ನಲ್ಲಿ, ಫ್ರಿಜ್ಜಿನ ತಂಪಿನಲ್ಲಿ ಇಟ್ಟ ಈ ಚರ್ಮವನ್ನು ಸುಮಾರು ಐದು ವರ್ಷದವರೆಗೆ ಬಳಸಬಹುದು.